ಸಾರ್ಗಮ್ ಬೌಲ್‌ನ ಮೂರನೆಯ ಫಲಕ

ಬೆಳಗಾವಿಯ ಉದ್ಯಮಬಾಗದಲ್ಲಿರುವ ಶಿವಲಿಂಗ ಅವರ ಎರಕದ ಕಾರ್ಖಾನೆಯಿಂದ ಹೊರಬೀಳುವುದು ಹೆಚ್ಚಾಗಿ ಪಂಪು, ವಾಲ್ವುಗಳ ಭಾಗಗಳು. ಕಳೆದ ಜೂನ್ ತಿಂಗಳಲ್ಲಿ ಬಂದ ಒಂದು ಆರ್ಡರು ಮಾತ್ರ ಬೇರೆ ಥರದ್ದಾಗಿತ್ತು. ಅಮೆರಿಕದ ಕಾನ್ಸಸ್ ಕಡೆಯ ಒಂದು ಸಣ್ಣ ಕಾಲೇಜಿನ ಮೈದಾನದ ಗೋಡೆಗೆ ಹಚ್ಚಲು ಗನ್‌ಮೆಟಲ್ ಎಂಬ ಕಂಚಿನ ಜಾತಿಯ ಲೋಹದ ಮೂರು ಫಲಕಗಳು ಬೇಕಾಗಿದ್ದವು. ಅಲ್ಲಿ ವರ್ಷಕ್ಕೊಮ್ಮೆಯಂತೆ ಹದಿನೈದು ವರ್ಷ ನಡೆದು ನಿಂತುಹೋಗಿದ್ದ ಒಂದು ಫುಟ್‌ಬಾಲ್ ಪಂದ್ಯದ ನೆನಪಿಗೆ. ಶಿವಲಿಂಗ ಅವರಿಂದ ಬಹಳ ವರ್ಷಗಳಿಂದ ಪಂಪಿನ ಭಾಗ ತರಿಸಿಕೊಳ್ಳುತ್ತಿದ್ದ ಗಿರಾಕಿಯೊಬ್ಬ ಅದೇ ಕಾಲೇಜಿನಲ್ಲಿ ಓದಿದವನಾದ್ದರಿಂದ ಕೆಲಸ ಬೆಳಗಾವಿಯವರೆಗೆ ಬಂದಿತ್ತು.

ಫಲಕದ ಅಕ್ಷರಗಳು ಹಳೆಯ ಕಾಲದ ಅಚ್ಚಿನವು, ಅಂಗಡಿಯಲ್ಲಿ ಸಿಗುವಂಥವಲ್ಲ. ಒಂದೊಂದನ್ನೂ ಸಾಗವಾನಿಯಲ್ಲಿ ಕೈಯಿಂದ ಕೆತ್ತಿ, ಹಲಗೆಗೆ ಅಂಟಿಸಿ, ಆ ಹಲಗೆಯನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುರುತಿನೊಳಗೆ ಲೋಹ ಸುರಿಯಬೇಕು. ಆ ಮರದ ಮಾದರಿಗೆ ಅಲ್ಲಿ ಎಲ್ಲರೂ ಪ್ಯಾಟರ್ನ್ ಅನ್ನುತ್ತಾರೆ. ಪ್ಯಾಟರ್ನ್ ಶಾಪಿನಲ್ಲಿ ಇದ್ದವರು ಇಬ್ಬರೇ. ಅರವತ್ತನಾಲ್ಕು ವಯಸ್ಸಿನ ಮಾಯಪ್ಪ, ದೇಸೂರಿನವರು. ಮೂವತ್ತೈದರ ಮಮ್ತಾಜ, ಖಾನಾಪುರದವಳು.

ಮಮ್ತಾಜ ಮೊದಲು ಕೆಲಸಕ್ಕೆ ಸೇರಿದ್ದು ಎರಕದ ಅಚ್ಚಿನೊಳಗೆ ಇಡುವ ಮರಳಿನ ಉಂಡೆ ಕಟ್ಟುವ ವಿಭಾಗದಲ್ಲಿ. ಕಾರ್ಖಾನೆಯ ಹೆಂಗಸರೆಲ್ಲ ಅಲ್ಲಿಯೇ ಇದ್ದರು. ಅವಳ ತಂದೆ ಮೌಲಾಸಾಬ ಖಾನಾಪುರದಲ್ಲಿ ಬಾಗಿಲು, ಚೌಕಟ್ಟು ಮಾಡುವ ಬಡಿಗ. ಚಿಕ್ಕವಳಿದ್ದಾಗ ಅವರ ಬಾಜು ಕುಳಿತು ಉಳಿ ಹಿಡಿದ ಕೈ ಅವಳದು. ಹನ್ನೊಂದು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಯಾರೋ ಬಿಸಾಕಿದ್ದ ಮುರಿದ ಮರದ ಅಕ್ಷರವೊಂದನ್ನು ಅವಳು ಮೊಳೆಯಿಂದ ಕೆರೆದು ಸರಿಮಾಡುತ್ತಿದ್ದಳು. ಮಾಯಪ್ಪ ನೋಡಿದರು. ಏನೂ ಕೇಳಲಿಲ್ಲ. ಸೀದಾ ಮಾಲಕರ ಖೋಲಿಗೆ ಹೋದರು.

"ಪ್ಯಾಟರ್ನ್ ಶಾಪಿನ್ಯಾಗ ಹೆಣ್ಣಮಗಳು ಹೆಂಗ್ ಆಕ್ಕೈತಿ ಮಾಯಪ್ಪ?" ಎಂದು ಶಿವಲಿಂಗ ಕೇಳಿದ್ದರಂತೆ.

"ನನಗ ಆಕಿನ ಬೇಕ್ರಿ. ಇಲ್ಲಾಂದ್ರ ಯಾರೂ ಬ್ಯಾಡ," ಎಂದಿದ್ದರಂತೆ ಮಾಯಪ್ಪ.

ಆ ಮಾತನ್ನು ಆಫೀಸಿನವರು ಯಾರೋ ಮಮ್ತಾಜಳಿಗೆ ಹೇಳಿದ್ದರು. ಅಂದಿನಿಂದ ಅವಳ ಸಂಬಳ ಹೆಚ್ಚಾಯಿತು, ಕೈ ಪಳಗಿತು, ಮನೆಯಲ್ಲಿ ಅವಳ ಮಾತಿಗೆ ತೂಕ ಬಂತು. ಆದರೆ ಮಾಯಪ್ಪನವರಿಗೆ ಅದಕ್ಕಾಗಿ ಒಂದು ಮಾತನ್ನೂ ಅವಳು ಹೇಳಿರಲಿಲ್ಲ. ಹೇಳುವುದಾದರೂ ಹೇಗೆ ಎಂದು ತಿಳಿದಿರಲಿಲ್ಲ. ದಿನಾ ಬೆಳಿಗ್ಗೆ ಖಾನಾಪುರದಲ್ಲಿ ಬಸ್ಸು ಹತ್ತಿ ತನ್ನ ಬಾಜುವಿನ ಸೀಟಿನ ಮೇಲೆ ಊಟದ ಚೀಲ ಇಟ್ಟು ಜಾಗ ಹಿಡಿಯುತ್ತಿದ್ದಳು. ದೇಸೂರಿನಲ್ಲಿ ಮಾಯಪ್ಪ ಹತ್ತಿದಾಗ ಚೀಲ ತೆಗೆದು "ಬರ್ರಿ ಕಾಕಾ, ಕುಂದರ್ರಿ" ಅನ್ನುತ್ತಿದ್ದಳು. ಅಷ್ಟೇ.

ಆರ್ಡರಿನ ಕಾಗದಗಳನ್ನು ಪ್ಯಾಟರ್ನ್ ಶಾಪಿಗೆ ತಂದವಳು ಮೇಘಾ, ಶಿವಲಿಂಗ ಅವರ ಮಗಳು. ಹೊರದೇಶದ ಪತ್ರವ್ಯವಹಾರವೆಲ್ಲ ಅವಳದೇ. ಮೂರು ಡ್ರಾಯಿಂಗುಗಳ ಜೊತೆಗೆ, ಅಕ್ಷರಗಳ ಶೈಲಿ ನೋಡಿಕೊಳ್ಳಲಿ ಎಂದು ಆ ಪಂದ್ಯದ 1957ರ ಕಾರ್ಯಕ್ರಮದ ಪುಸ್ತಿಕೆಯನ್ನೂ ಅವರು ಸ್ಕ್ಯಾನ್ ಮಾಡಿ ಕಳಿಸಿದ್ದರು. ಮೇಘಾ ಅದನ್ನೆಲ್ಲ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರವಿದಳು.

"ಫುಟ್‌ಬಾಲ್ ಅಂದ್ರ ಕಾಲಿಲೆ ಒದಿಯೂದು. ಇವ್ರ್ಯಾಕ ಚೆಂಡ ಬಗಲಾಗ ಇಟಗೊಂಡ ಓಡಾಕತ್ತಾರ?" ಫೋಟೊ ನೋಡಿ ಮಮ್ತಾಜ ಕೇಳಿದಳು.

"ಇವರದ ಬ್ಯಾರೆ ಆಟ ಅಕ್ಕಾ. ಚೆಂಡ ಹಿಡಕೊಂಡ ಓಡ್ತಾರ, ಎದರಿನವ್ರು ಹಿಡದು ಕೆಡವತಾರ."

"ಹಂಗಾರ ಕುಸ್ತಿ ಅನ್ರಿ," ಎಂದರು ಮಾಯಪ್ಪ.

"ಓಡೂ ಕುಸ್ತಿ," ಎಂದು ಮೇಘಾ ನಕ್ಕಳು. ಗಿರಾಕಿಗೆ ಉತ್ತರ ಬರೆಯಬೇಕಾದ್ದರಿಂದ ಅವಳು ಎರಡು ದಿನ ಕುಳಿತು ಆ ಆಟದ ಚರಿತ್ರೆ ಓದಿಕೊಂಡಿದ್ದಳು. "1902ರಾಗ ಕ್ಯಾಲಿಫೋರ್ನಿಯಾದಾಗ, ಹೊಸ ವರ್ಷದ ದಿವಸ, ಗುಲಾಬಿ ಹೂವಿನ ಉತ್ಸವದ ಜೋಡಿ ಒಂದ ಪಂದ್ಯ ಇಟ್ರಂತ. ಮುಂದ ಅಲ್ಲೇ ಬಟ್ಟಲದಂಥಾ ದೊಡ್ಡ ಸ್ಟೇಡಿಯಂ ಕಟ್ಟಿದ್ರು. ಅದಕ್ಕ ರೋಸ್ ಬೌಲ್ ಅಂದ್ರು. ಅದನ್ನ ನೋಡಿ ಬ್ಯಾರೆ ಬ್ಯಾರೆ ಊರವ್ರೂ ಬೌಲ್ ಸುರು ಮಾಡಿದ್ರು. ಕಿತ್ತಳಿ ಬೆಳಿಯೂ ಕಡೆ ಆರೆಂಜ್ ಬೌಲ್, ಕಬ್ಬಿನ ಸೀಮ್ಯಾಗ ಶುಗರ್ ಬೌಲ್, ಹತ್ತಿ ಸೀಮ್ಯಾಗ ಕಾಟನ್ ಬೌಲ್."

"ಇವರದು?"

"ಸಾರ್ಗಮ್ ಬೌಲ್. ಸಾರ್ಗಮ್ ಅಂದ್ರ ನಮ್ಮ ಜ್ವಾಳ."

"ಜ್ವಾಳದ ಬಟ್ಟಲ!" ಮಾಯಪ್ಪನವರಿಗೆ ಅದು ಬಹಳ ಹಿಡಿಸಿತು. ಮರುದಿನದ ಹೊತ್ತಿಗೆ ಭಟ್ಟಿಯ ಮುಂದಿನವರೂ ಆ ಆರ್ಡರಿಗೆ ಜ್ವಾಳದ ಬಟ್ಟಲ ಎಂದೇ ಕರೆಯತೊಡಗಿದ್ದರು.

"ಇದನ್ನ ಗೆದ್ದವ್ರು ಇಡೀ ದೇಶಕ್ಕ ಚಾಂಪಿಯನ್ನಾ?" ಎಂದು ಮಮ್ತಾಜ ಕೇಳಿದಳು.

"ಇಲ್ಲಕ್ಕಾ, ಇದು ಸಣ್ಣ ಕಾಲೇಜಗೋಳ ಬೌಲ್. ದೊಡ್ಡ ಕಾಲೇಜಗೋಳಿಗೂ ಭಾಳ ವರ್ಷ ದೇಶಕ್ಕ ಒಂದ ಫೈನಲ್ ಅನ್ನೂದ ಇರಲಿಲ್ಲ. ಪೇಪರಿನವ್ರು ಓಟ್ ಹಾಕಿ ಇಂಥಾವ್ರ ಚಾಂಪಿಯನ್ ಅಂತ ಹೇಳ್ತಿದ್ರು. ಕೋಚಗೋಳು ಬ್ಯಾರೆ ಓಟ್ ಹಾಕ್ತಿದ್ರು. ಕೆಲವ ವರ್ಷ ಅವರು ಒಂದ ಟೀಮ್ ಹೆಸರ ಹೇಳಿದ್ರ ಇವರು ಇನ್ನೊಂದು. ಇಬ್ರೂ ಚಾಂಪಿಯನ್! ಈಗೀಗ ಹನ್ನೆರಡ ಟೀಮಿನ ನಡುವ ಆಡಿಸಿ ಒಬ್ರನ್ನ ಗೆಲ್ಲಸ್ತಾರ."

"ಆಟ ಆಡಿದ ಮ್ಯಾಲ ಯಾರ ಗೆದ್ದ್ರು ಅಂತ ಓಟ್ ಹಾಕೂದು," ಮಾಯಪ್ಪ ತಲೆ ಅಲ್ಲಾಡಿಸಿದರು. "ಅದಕ್ಕ ಹೆಸರು ಸರಿಯಾಗಿ ಬರದು ಇಡಬೇಕು. ಗೆದ್ದವರದೂ ಸೋತವರದೂ."

ಮೊದಲನೆಯ ಫಲಕದಲ್ಲಿ 1947ರಿಂದ 1961ರವರೆಗೆ ಆಡಿದ ತಂಡಗಳು ಮತ್ತು ಅಂಕಗಳು. ಎರಡನೆಯದರಲ್ಲಿ ಗೆದ್ದ ತಂಡಗಳ ನಾಯಕರು. ಮೂರನೆಯದರಲ್ಲಿ ಪ್ರತಿ ವರ್ಷದ ಉತ್ತಮ ಆಟಗಾರ ಪ್ರಶಸ್ತಿ ಪಡೆದವರ ಹದಿನೈದು ಹೆಸರು.

ಮಮ್ತಾಜ ಕೆತ್ತಲು ಕುಳಿತಳು. ಲೋಹ ಆರುವಾಗ ಕುಗ್ಗುತ್ತದೆಂದು ಅಕ್ಷರವನ್ನು ಕೂದಲಿನಷ್ಟು ದೊಡ್ಡದು ಮಾಡಬೇಕು. ಮರಳಿನಿಂದ ಮೇಲೇಳುವಾಗ ಅಂಚು ಕೀಳಬಾರದೆಂದು ಬಾಜುಗಳನ್ನು ತುಸು ಓರೆ ಮಾಡಬೇಕು. ದಿನಕ್ಕೆ ಮೂವತ್ತು ಅಕ್ಷರವಾದರೆ ದೊಡ್ಡದು. ಒಂದು ಸಾಲು ಅಂಟಿಸಿದ ಕೂಡಲೇ ಕೈಲಿದ್ದ ಕಾಗದ ನೋಡಿ ಅವಳು ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದುತ್ತಿದ್ದಳು. ಮಾಯಪ್ಪ ಕಣ್ಣು ಮುಚ್ಚಿಕೊಂಡು ಆಯಾ ಅಕ್ಷರದ ಮೇಲೆ ಬೆರಳಾಡಿಸುತ್ತಿದ್ದರು. ಮೊದಲ ದಿನದಿಂದಲೂ ಅದು ಅವರ ಪದ್ಧತಿ. ಬೇರೆ ಕಾರ್ಖಾನೆಗಳಲ್ಲಿ ಹೀಗೆ ಯಾರೂ ಮಾಡುತ್ತಿರಲಿಲ್ಲ. ಆದರೆ ಇವರ ಫಲಕಗಳಲ್ಲಿ ಇವತ್ತಿನವರೆಗೆ ಒಂದು ತಪ್ಪೂ ಬಂದಿರಲಿಲ್ಲ.

ಜುಲೈ ಮೊದಲ ವಾರ ಮೂರನೆಯ ಫಲಕದ ಹತ್ತನೆಯ ಸಾಲು ಮುಗಿಯಿತು. ಆ ಹೊತ್ತಿಗೆ ಡ್ರಾಯಿಂಗಿನ ಹಾಳೆ ಆಫೀಸಿನಲ್ಲಿತ್ತು. ಮಮ್ತಾಜ ಕೈಗೆ ಸಿಕ್ಕ ಹಳೆಯ ಪುಸ್ತಿಕೆಯ ಹಾಳೆಯನ್ನೇ ಹಿಡಿದು ಓದಿದಳು. ಅದರಲ್ಲಿ ಹಿಂದಿನ ವರ್ಷ ಪ್ರಶಸ್ತಿ ಗೆದ್ದ ಹುಡುಗ ಕಪ್ ಹಿಡಿದು ನಿಂತ ಫೋಟೊ ಇತ್ತು, ಕೆಳಗೆ ಹೆಸರೂ ಇತ್ತು.

"ಒಂದ ಒಂಬತ್ತ ಐದ ಆರು. ಎಲ್. ಚುಕ್ಕಿ. ಟಿ, ಎ, ಟಿ, ಇ."

"ತಡಿ," ಎಂದರು ಮಾಯಪ್ಪ. ಅವರ ಬೆರಳು ನಿಂತಿತ್ತು. "ಎಲ್ ಅಲ್ಲ ಇದು. ಇಲ್ಲಿ ಗುಂಡಗ ಐತಿ, ಕೆಳಗ ಕಾಲ ಚಾಚೇತಿ. ಆರ್."

ಮಮ್ತಾಜ ಹಲಗೆ ನೋಡಿದಳು. ಆರ್. ಟೇಟ್. ಅವಳೇ ಕೆತ್ತಿದ್ದು. ಓಡಿಹೋಗಿ ಡ್ರಾಯಿಂಗು ತಂದು ನೋಡಿದಳು. ಅದರಲ್ಲೂ ಆರ್. ಪುಸ್ತಿಕೆಯಲ್ಲಿ ಮಾತ್ರ ಎಲ್.

ಶಿವಲಿಂಗ ಅವರು ಎರಡೂ ಹಾಳೆ ನೋಡಿ ಹಣೆ ಒರೆಸಿಕೊಂಡರು. "ಗಿರಾಕಿ ಸಹಿ ಮಾಡಿದ ಡ್ರಾಯಿಂಗ್ ಐತಿ ಮಾಯಪ್ಪ. ಅದರಾಗ ಏನೈತಿ ಅದನ್ನ ಮಾಡೂದು ನಮ್ಮ ಕೆಲಸ. ಮೇಘಾ, ಒಂದ ಮೇಲ್ ಹಾಕಿ ಕೇಳು. ಹೂಂ ಅಂದ್ರ ಮುಂದ ಹೋಗೂಣು."

ಅಲ್ಲಿಂದ ಪತ್ರ ಬರೆಯುತ್ತಿದ್ದವರು ಎಲೆನ್ ಕ್ರೌಡರ್ ಎಂಬುವರು. ಆ ಕಾಲೇಜಿನ ಗ್ರಂಥಾಲಯದಿಂದ ನಿವೃತ್ತಿಯಾಗಿ, ಹಳೆಯ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು. ನಾಲ್ಕು ದಿನದ ಮೇಲೆ ಅವರ ಉತ್ತರ ಬಂತು. ನೀವು ಗಮನಿಸಿದ್ದಕ್ಕೆ ಧನ್ಯವಾದ, ಆದರೆ 1961ರಲ್ಲಿ ಪಂದ್ಯ ನಡೆಸುತ್ತಿದ್ದ ಸಮಿತಿ ಮುಚ್ಚುವಾಗ ಮಾಡಿದ ಅಧಿಕೃತ ಪಟ್ಟಿಯಲ್ಲಿ ಆರ್. ಟೇಟ್ ಎಂದೇ ಇದೆ. ಪುಸ್ತಿಕೆಯಲ್ಲಿ ಮುದ್ರಣದ ದೋಷವಿರಬಹುದು. ಡ್ರಾಯಿಂಗಿನಂತೆಯೇ ಎರಕ ಹೊಯ್ಯಿರಿ ಎಂದು ಬರೆದಿದ್ದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಮ್ತಾಜಳಿಗೆ ಆ ದಿನ ಊಟ ಸೇರಲಿಲ್ಲ. ಅವಳ ಅತ್ತೆ ಜನ್ನತ ಅವರ ಹೆಸರು ರೇಶನ್ ಕಾರ್ಡಿನಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ ಇತ್ತು. ಒಂದೇ ಅಕ್ಷರದ ಫರಕು. ಅದನ್ನು ತಿದ್ದಿಸಲು ಆ ಮುದುಕಿಯ ಕೈಹಿಡಿದು ಒಂದು ವರ್ಷ ಸರತಿಯಲ್ಲಿ ನಿಂತಿದ್ದಳು. 'ನಾನು ನಾನ ಅಂತ ಎಷ್ಟ ಸಲ ಹೇಳಬೇಕ' ಎಂದು ಜನ್ನತ ಒಮ್ಮೆ ಕಿಟಕಿಯ ಮುಂದೆ ಅತ್ತುಬಿಟ್ಟಿದ್ದರು. ಕಾಗದದ ಅಕ್ಷರ ತಿದ್ದಬಹುದು. ಗನ್‌ಮೆಟಲ್ಲಿನ ಅಕ್ಷರ ನೂರು ವರ್ಷ ನಿಲ್ಲುತ್ತದೆ.

ಮರುದಿನ ಅವಳು ಪುಸ್ತಿಕೆಯ ಹಾಳೆಗಳನ್ನು ಮತ್ತೆ ಹರವಿಕೊಂಡಳು. ಇಂಗ್ಲಿಷು ಅವಳಿಗೆ ಅಷ್ಟಕ್ಕಷ್ಟೆ. ಅಕ್ಷರ ಮತ್ತು ಅಂಕಿ ಮಾತ್ರ ಚೆನ್ನಾಗಿ ಗೊತ್ತು. ಫೋಟೊದಲ್ಲಿ ಹುಡುಗನ ಅಂಗಿಯ ಮೇಲೆ 27 ಎಂದಿತ್ತು. ಪುಸ್ತಿಕೆಯ ಹಿಂದಿನ ಪುಟದಲ್ಲಿ 1956ರಲ್ಲಿ ಗೆದ್ದ ತಂಡದ ಪಟ್ಟಿ ಇತ್ತು. ಪ್ರತಿ ಹೆಸರಿನ ಮುಂದೆ ಅಂಗಿಯ ಸಂಖ್ಯೆ. ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. 27, ಲೆಸ್ಟರ್ ಟೇಟ್. ಮತ್ತೂ ಕೆಳಗೆ 41, ರೇಮಂಡ್ ಟೇಟ್, ನಾಯಕ.

"ಕಾಕಾ, ಇಬ್ರ ಅದಾರ! ಅಣ್ಣತಮ್ಮ ಇರಬೇಕು. ಎರಡನೇ ಫಲಕದಾಗ ನಾಯಕ ಅಂತ ಆರ್. ಟೇಟ್ ಬಂದಾನಲ್ರಿ, ಆಂವ ಬ್ಯಾರೆ. ಕಪ್ ಹಿಡದಾಂವ ಬ್ಯಾರೆ."

ಮಾಯಪ್ಪ ಎದ್ದರು. "ನಡಿ, ಮಾಲಕರ ಕಡೆ ಹೋಗೂಣು."

ಶಿವಲಿಂಗ ಅವರಿಗೆ ಸಿಟ್ಟು ಬಂದಿತ್ತು. ಶನಿವಾರ ಲೋಹ ಕರಗಿಸುವುದೆಂದು ಗೊತ್ತಾಗಿತ್ತು. ಹಡಗಿಗೆ ಪೆಟ್ಟಿಗೆ ಕಳಿಸುವ ದಿನವೂ ನಿಗದಿಯಾಗಿತ್ತು. "ಅವ್ರ ದೇಶ, ಅವ್ರ ಆಟ, ಅವ್ರ ಹುಡುಗ್ರು. ಅವ್ರ ಹೌದಂತಾರ. ನಾವ್ಯಾರ ನಡುವ?"

"ಖರೇ ಐತ್ರಿ," ಎಂದರು ಮಾಯಪ್ಪ. "ಆದ್ರ ಗೊತ್ತಿದ್ದೂ ತಪ್ಪ ಹೆಸರ ಹೊಯ್ಯಾಕ ನನ್ನ ಕೈ ಬರಂಗಿಲ್ರಿ. ಎರಡ ಫಲಕ ಶನಿವಾರ ಹೊಯ್ಯೂಣು. ಮೂರನೇದು ಒಂದ ವಾರ ತಡೀರಿ. ಮಮ್ತಾಜ ಹೇಳಿದ್ದನ್ನ ಮೇಘಾ ಇನ್ನೊಂದ ಸಲ ಬರೀಲಿ."

ಮಾಲಕರು ಮಗಳ ಮುಖ ನೋಡಿದರು. ಮೇಘಾ ಆಗಲೇ ಲ್ಯಾಪ್‌ಟಾಪು ತೆರೆದಿದ್ದಳು. "ಒಂದ ವಾರ," ಎಂದು ಅವರು ಎದ್ದುಹೋದರು.

ಮಮ್ತಾಜ ಹೇಳಿದಳು, ಮೇಘಾ ಇಂಗ್ಲಿಷಿನಲ್ಲಿ ಬರೆದಳು.

"ಎಲೆನ್ ಅಮ್ಮಾರಿಗೆ ನಮಸ್ಕಾರ. ನಾನು ಅಕ್ಷರ ಕೆತ್ತಾಕಿ. ನಿಮ್ಮ ಆಟ ನನಗ ಗೊತ್ತಿಲ್ರಿ. ಅಂಕಿ ಗೊತ್ತೈತಿ. ಫೋಟೊದಾಗ ಕಪ್ ಹಿಡಕೊಂಡ ನಿಂತ ಹುಡುಗನ ಎದಿ ಮ್ಯಾಲ ಇಪ್ಪತ್ತೇಳ ಐತ್ರಿ. ಪಟ್ಟಿಯೊಳಗ ಇಪ್ಪತ್ತೇಳು ಲೆಸ್ಟರ್. ಆರ್ ಅನ್ನಾಂವ ನಲವತ್ತೊಂದು. ಅವರ ಮನಿಯವ್ರು ಯಾರಾರ ಇದ್ರ ಒಂದ ಸಲ ಕೇಳ್ರಿ. ಅವ್ರೂ ಆರ್ ಅಂದ್ರ ನಾ ಆರ್ ಹಚ್ಚತೀನಿ. ಹೊಯ್ದ ಮ್ಯಾಲ ತಿದ್ದಾಕ ಬರಂಗಿಲ್ರಿ, ಅದಕ್ಕ ಮೊದಲ ಕೇಳಾಕತ್ತೀನಿ. ಸಿಟ್ಟ ಆಗಬ್ಯಾಡ್ರಿ."

ಶನಿವಾರ ಎರಡು ಫಲಕಗಳ ಎರಕವಾಯಿತು. ಸೋಮವಾರ ಉತ್ತರವಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಬೆಳಿಗ್ಗೆ ಮೇಘಾ ಆಫೀಸಿನಿಂದ ಪ್ಯಾಟರ್ನ್ ಶಾಪಿನವರೆಗೆ ಓಡುತ್ತ ಬಂದಳು.

ಎಲೆನ್ ಕ್ರೌಡರ್ ಉದ್ದನೆಯ ಪತ್ರ ಬರೆದಿದ್ದರು. ಲೆಸ್ಟರ್ ಟೇಟ್ ಬದುಕಿದ್ದರು. ವಯಸ್ಸು ಎಂಬತ್ತೊಂಬತ್ತು, ಕಾಲೇಜಿನಿಂದ ಎರಡು ತಾಸಿನ ದಾರಿಯ ಒಂದೂರಿನಲ್ಲಿ ಮಗಳ ಜೊತೆ ಇದ್ದರು. ಎಲೆನ್ ಫೋನು ಮಾಡಿ, ಬೆಳಗಾವಿಯಿಂದ ಹೀಗೊಂದು ಪ್ರಶ್ನೆ ಬಂದಿದೆ ಎಂದಾಗ ಆ ಮನುಷ್ಯ ಎಲ್ಲವನ್ನೂ ಹೇಳಿದರಂತೆ. 1956ರ ಆ ಪಂದ್ಯದಲ್ಲಿ ಕೊನೆಯ ಎರಡು ನಿಮಿಷ ಉಳಿದಿದ್ದಾಗ ಲೆಸ್ಟರ್ ಚೆಂಡು ಹಿಡಿದು ಅರ್ಧಕ್ಕಿಂತ ಹೆಚ್ಚು ಮೈದಾನ ಓಡಿ ಗೆಲುವಿನ ಅಂಕ ತಂದಿದ್ದರು. ಪ್ರಶಸ್ತಿ ಅವರಿಗೇ ಬಂತು, ಕಪ್ ಅವರ ಮನೆಯಲ್ಲೇ ಇದೆ; ಆದರೆ ಕಪ್ಪಿನ ಮೇಲೆ ವರ್ಷವಷ್ಟೇ ಇದ್ದು ಹೆಸರಿಲ್ಲ. ಮರುದಿನದ ಪತ್ರಿಕೆ, ನಾಯಕನಾಗಿದ್ದ ಅಣ್ಣ ರೇಮಂಡ್‌ನ ಹೆಸರು ಬರೆಯಿತು. ಸಮಿತಿಯ ಪಟ್ಟಿ ಪತ್ರಿಕೆಯನ್ನು ನೋಡಿ ಆಯಿತು, ಆಮೇಲಿನ ಪಟ್ಟಿಗಳೆಲ್ಲ ಆ ಪಟ್ಟಿಯನ್ನು ನೋಡಿ ಆದವು. ಇದು ತಪ್ಪು ಎಂದು ಸಮಿತಿಗೆ ಬರೆಯುತ್ತಿದ್ದವನು ಲೆಸ್ಟರ್ ಅಲ್ಲ, ರೇಮಂಡ್. ಎಲೆನ್ ಆ ಮೇಲೆ ಕಾಲೇಜಿನ ನೆಲಮಾಳಿಗೆಯಲ್ಲಿ ಎರಡು ದಿನ ಹುಡುಕಿದಾಗ ಸಮಿತಿಯ ಹಳೆಯ ಪೆಟ್ಟಿಗೆಯೊಂದರಲ್ಲಿ ರೇಮಂಡ್‌ನ ಮೂರು ಪತ್ರಗಳು ಸಿಕ್ಕಿದ್ದವು. ಒಂದಕ್ಕೂ ಯಾರೂ ಉತ್ತರ ಕೊಟ್ಟ ಗುರುತಿರಲಿಲ್ಲ.

ಪತ್ರದ ಕೊನೆಯಲ್ಲಿ ಎಲೆನ್ ಬರೆದಿದ್ದರು: "ಎಲ್ ಹಚ್ಚಿರಿ. ನಾನು ಇಡೀ ಜೀವಮಾನ ದಾಖಲೆಗಳ ನಡುವೆ ಕಳೆದವಳು. ಇದನ್ನು ನಾನೇ ನೋಡಬೇಕಿತ್ತು. ನೋಡಿದ್ದು ನೀವು. ನಿಮ್ಮ ಉಪಕಾರ ದೊಡ್ಡದು."

ಮಮ್ತಾಜ ಆ ಸಾಲುಗಳನ್ನು ಮೇಘಾಳಿಂದ ಎರಡು ಸಲ ಓದಿಸಿಕೊಂಡಳು. ಆಮೇಲೆ ಹತ್ತನೆಯ ಸಾಲಿನ ಆರ್ ಅನ್ನು ಬಿಸಿ ಚಾಕುವಿನಿಂದ ಎಬ್ಬಿಸಿ ತೆಗೆದು, ಎಲ್ ಕೆತ್ತಲು ಕುಳಿತಳು. ಎಲ್ ಸರಳ ಅಕ್ಷರ. ಹತ್ತು ನಿಮಿಷದ ಕೆಲಸ. ಅವಳು ಅದಕ್ಕೆ ಒಂದು ತಾಸು ತೆಗೆದುಕೊಂಡಳು.

ಮುಂದಿನ ಶನಿವಾರ ಮೂರನೆಯ ಫಲಕದ ಎರಕ. ಶಿವಲಿಂಗ ಅವರೇ ಭಟ್ಟಿಯ ಹತ್ತಿರ ಬಂದು ನಿಂತಿದ್ದರು. ಲೋಹ ಸುರಿದು, ಆರಿದ ಮೇಲೆ ಮರಳು ಒಡೆದು, ಕುಂಚದಿಂದ ಝಾಡಿಸಿದಾಗ ಸಾಲುಗಳು ಒಂದೊಂದಾಗಿ ಮೇಲೆ ಬಂದವು. ಇನ್ನೂ ಬೆಚ್ಚಗಿದ್ದ ಫಲಕದ ಮೇಲೆ ಮಾಯಪ್ಪ ಬೆರಳಿಟ್ಟರು. ಮಮ್ತಾಜ ಓದಿದಳು. ಹದಿನೈದು ಹೆಸರೂ ಸರಿಯಾಗಿದ್ದವು.

"ಛಲೋ ಆತು," ಎಂದರು ಶಿವಲಿಂಗ. ಸ್ವಲ್ಪ ಹೊತ್ತಿನ ಮೇಲೆ ಮಮ್ತಾಜಳ ಕಡೆ ತಿರುಗಿ, "ನಾ ಅವತ್ತ ಒದರಬಾರದಿತ್ತ ತಂಗಿ. ನೀ ಹಟ ಹಿಡದದ್ದು ಛಲೋ ಆತು," ಎಂದರು. ಅವರ ಬಾಯಿಂದ ಅಂಥ ಮಾತನ್ನು ಕಾರ್ಖಾನೆಯಲ್ಲಿ ಯಾರೂ ಕೇಳಿರಲಿಲ್ಲ. ಮಮ್ತಾಜ ಕುಂಚ ಎತ್ತಿಕೊಂಡು, ಝಾಡಿಸಿದ ಫಲಕವನ್ನೇ ಮತ್ತೆ ಝಾಡಿಸಿದಳು.

ಅಕ್ಟೋಬರ್‌ನಲ್ಲಿ ಫಲಕಗಳು ಗೋಡೆ ಸೇರಿದವು. ಅದಾದ ನಾಲ್ಕು ದಿನಕ್ಕೆ ಲೆಸ್ಟರ್ ಟೇಟ್ ತಾವೇ ಮಾತಾಡಬೇಕು ಎಂದು ಹೇಳಿಕಳಿಸಿದರು. ಇಲ್ಲಿ ಬೆಳಿಗ್ಗೆ ಏಳೂವರೆ, ಕೆಲಸ ಇನ್ನೂ ಶುರುವಾಗಿರಲಿಲ್ಲ. ಆಫೀಸಿನ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟು, ಮೇಘಾ ನಡುವೆ ಕುಳಿತಳು. ಒಂದು ಕಡೆ ಮಮ್ತಾಜ, ಇನ್ನೊಂದು ಕಡೆ ಮಾಯಪ್ಪ. ಹಿಂದೆ ಶಿವಲಿಂಗ, ಅವರ ಹಿಂದೆ ಭಟ್ಟಿಯವರೆಲ್ಲ.

ಪರದೆಯ ಮೇಲೆ ತೆಳ್ಳಗಿನ, ಉದ್ದ ಮುಖದ ಮುದುಕ ಕಾಣಿಸಿದ. ಕೊರಳಿನ ಗುಂಡಿಯವರೆಗೆ ಹಾಕಿದ ಬಿಳಿ ಅಂಗಿ. ಕಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅವನು ನಿಧಾನವಾಗಿ ಮಾತಾಡುತ್ತಿದ್ದ, ಮೇಘಾ ಸಾಲು ಸಾಲಾಗಿ ಹೇಳುತ್ತಿದ್ದಳು.

"ಅಕ್ಷರ ಕೆತ್ತಿದಾಕಿ ಯಾರು ಅಂತ ಕೇಳಾಕತ್ತಾರಕ್ಕಾ."

ಮಮ್ತಾಜ ಸೆರಗು ಸರಿಮಾಡಿಕೊಂಡು ಕೈ ಎತ್ತಿದಳು. ಮುದುಕ ಪರದೆಯ ಹತ್ತಿರ ಬಾಗಿ ಅವಳನ್ನು ನೋಡಿದ.

"ನಾನು ಆ ಪ್ರಶಸ್ತಿ ಮರತ ಬಿಟ್ಟಿದ್ದೆ ಅಂತಾರ. ಮದಿವಿ ಆತು, ಮಕ್ಕಳಾದ್ರು, ನಲವತ್ತ ವರ್ಷ ಸಾಲ್ಯಾಗ ಗಣಿತ ಕಲಿಸಿದ್ರಂತ. ಆದ್ರ ಅವರಣ್ಣ ರೇಮಂಡ ಮರತಿರಲಿಲ್ಲಂತ." ಮೇಘಾ ಮುದುಕನ ಮುಂದಿನ ಮಾತು ಕೇಳಿಸಿಕೊಂಡಳು. "ಯಾರಾರ ಮಂದ್ಯಾಗ, ನೀನ ಅಲ್ಲಾ 1956ರ ಉತ್ತಮ ಆಟಗಾರ, ಅಂದ್ರ ರೇಮಂಡ ಎದ್ದ ನಿಂತು, ನಾ ಅಲ್ಲ, ನನ್ನ ತಮ್ಮ, ಅಂತಿದ್ನಂತ. ಊಟದ ನಡುವ ಆದ್ರೂ ಸೈತ. ಆಂವ ತೀರಿಕೊಂಡಾಗ ಪೇಪರಿನ್ಯಾಗ ಅವನ ಬಗ್ಗೆ ಮೊದಲ್ನೇ ಸಾಲ ಅದ ಬಂತಂತ. 1956ರ ಉತ್ತಮ ಆಟಗಾರ ಇನ್ನಿಲ್ಲ, ಅಂತ. ಅದನ್ನ ಓದಿ ಇವರು ಭಾಳ ಅತ್ತರಂತ. ತನಗ ತಪ್ಪಿತು ಅಂತಲ್ಲ. ಅಣ್ಣನ ತಲಿ ಮ್ಯಾಲ ಅವಂದಲ್ಲದ್ದನ್ನ ಹೊರಿಸಿ ಕಳಿಸಿದ್ರಲ್ಲಾ ಅಂತ."

ಮುದುಕ ತೊಡೆಯ ಮೇಲಿನ ಕಪ್ ತಿರುಗಿಸಿ ಮತ್ತೆ ಮಾತಾಡಿದ, ಮೇಘಾ ಹೇಳಿದಳು.

"ಈಗ ಆ ಗ್ವಾಡಿ ಮ್ಯಾಲ ಎರಡನೇ ಫಲಕದಾಗ ಅಣ್ಣನ ಹೆಸರ ಐತಿ, ನಾಯಕ ಅಂತ. ಮೂರನೇದರಾಗ ಇವರ ಹೆಸರ ಐತಿ. ಇಬ್ರೂ ತಮ್ಮ ತಮ್ಮ ಜಾಗಾದಾಗ ಅದೀವಿ ಅಂತಾರ. ಅರವತ್ತೊಂಬತ್ತ ವರ್ಷದಾಗ ಯಾರೂ ಮಾಡದ್ದನ್ನ, ನಮ್ಮನ್ನ ನೋಡದಾಕಿ ಒಬ್ಬಾಕಿ ಮಾಡಿದ್ಲು. ನನ್ನ ಕಡಿಂದ ಅಲ್ಲ, ರೇಮಂಡನ ಕಡಿಂದ ಆಕಿಗೆ ನಮಸ್ಕಾರ ಹೇಳು, ಅಂತ ಹೇಳಾಕತ್ತಾರಕ್ಕಾ."

ಮಮ್ತಾಜ ಕಣ್ಣೊರೆಸಿಕೊಂಡಳು. "ಅವರಿಗೆ ಹೇಳ್ರಿ. ನಾ ಒಬ್ಬಾಕಿನ ಮಾಡಿಲ್ಲ. ಅಕ್ಷರ ಬ್ಯಾರೆ ಐತಿ ಅಂತ ಮೊದಲ ಹಿಡದವರು ನಮ್ಮ ಮಾಯಪ್ಪ ಕಾಕಾ. ನನಗ ಕೆಲಸ ಕಲಿಸಿದವ್ರು."

ಮೇಘಾ ಹೇಳಿದಳು. ಮುದುಕ ಮಾಯಪ್ಪನವರ ಕಡೆ ನೋಡಿ, ಮಿಲಿಟರಿಯವರ ಹಾಗೆ ಹಣೆಗೆ ಕೈ ಹಚ್ಚಿದ. ಮಾಯಪ್ಪ ಗಡಬಡಿಸಿ ಎದ್ದುನಿಂತು ಎರಡೂ ಕೈ ಜೋಡಿಸಿದರು.

ಅವತ್ತು ಇಡೀ ದಿನ ಕಾರ್ಖಾನೆಯಲ್ಲಿ ಅದೇ ಮಾತು. ಸಂಜೆ ಐದೂವರೆಗೆ ಇಬ್ಬರೂ ಎಂದಿನಂತೆ ಖಾನಾಪುರದ ಬಸ್ಸು ಹತ್ತಿದರು. ಹಿಂದಿನ ಸೀಟು ಸಿಕ್ಕಿತು. ಬಸ್ಸು ಪೀರನವಾಡಿ ದಾಟಿತು. ಆಮೇಲೆ ಮಮ್ತಾಜ ಬಾಯಿ ತೆರೆದಳು.

"ಕಾಕಾ, ಒಂದ ಮಾತ ಹೇಳೂದೈತ್ರಿ. ಹನ್ನೊಂದ ವರ್ಷದಿಂದ ಹೇಳಿಲ್ಲ. ಇವತ್ತ ಆ ಅಜ್ಜ ಸಾತ್ ಸಮುದ್ರದ ಆಚೆ ಕುಂತ ಹೇಳಿದ. ನಾ ಬಾಜೂಕ ಕುಂತು ಹೇಳಿಲ್ಲ ಅಂದ್ರ ನನಗ ನಾಚಿಕಿ ಆಕ್ಕೈತಿ. ಅವತ್ತ ನೀವು ನನ್ನ ಕೈಹಿಡದು ಪ್ಯಾಟರ್ನ್ ಶಾಪಿಗೆ ಕರಕೊಂಡ ಬರದಿದ್ರ ನಾ ಇನ್ನೂ ಉಂಡಿ ಕಟಗೋತ ಇರತಿದ್ದೆ. ನಿಮ್ಮ ಉಪಕಾರ ನಾ..."

"ಹೇಳಬ್ಯಾಡ," ಎಂದರು ಮಾಯಪ್ಪ. ಸಿಟ್ಟಿನಿಂದಲ್ಲ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ನೀ ಅದನ್ನ ಉಪಕಾರ ಅಂತ ತಿಳದೀ. ಖರೇ ಏನಂದ್ರ, ಯವ್ವಾ, ಆ ವರ್ಷ ನನ್ನ ಬಲಗಣ್ಣಿಗೆ ಕಬ್ಬಿಣದ ಚಕ್ಕಿ ಹಾರಿತ್ತು. ಆ ಕಣ್ಣ ಹೋತು. ಇನ್ನೊಂದರಾಗ ಸಣ್ಣ ಅಕ್ಷರ ಎರಡೆರಡ ಕಾಣತಿದ್ದು. ಮಾಲಕರಿಗೆ ಹೇಳಿದ್ರ ಮನಿಗೆ ಕಳಸ್ತಾರ ಅಂತ ಅಂಜಿ ಯಾರಿಗೂ ಹೇಳಲಿಲ್ಲ. ನಿಮ್ಮ ಕಾಕು ಸಾವಂತ್ರವ್ವಗ ಒಬ್ಬಾಕಿಗೆ ಗೊತ್ತು. ನನಗ ಒಂದ ಜೋಡ ಕಣ್ಣ ಬೇಕಾಗಿದ್ದು. ನಿನ್ನ ನೋಡಿದೆ. ಅದಕ್ಕ ಗಟ್ಟಿಯಾಗಿ ಓದಂತ ಹೇಳಿದ್ದು. ಪದ್ಧತಿ ಅಂತ ಹೇಳಿ ನಿನಗ ಮೋಸ ಮಾಡಿದೆ. ಹನ್ನೊಂದ ವರ್ಷ ನೀ ನನ್ನ ಅನ್ನ ಉಳಿಸಿದಿ. ಕೈ ಮುಗಿಯೂದಾದ್ರ ನಾ ಮುಗೀಬೇಕು."

ಮಮ್ತಾಜ ಮಡಿಲಲ್ಲಿದ್ದ ಊಟದ ಚೀಲದ ಮೇಲೆ ಕೈಯಿಟ್ಟು ಕುಳಿತಿದ್ದಳು.

"ನನಗ ಗೊತ್ತಿತ್ರಿ ಕಾಕಾ."

"ಏನ ಗೊತ್ತಿತ್ತು?"

"ಕಣ್ಣಿಂದು. ಎರಡನೇ ತಿಂಗಳದಾಗ ಗೊತ್ತಾತು. ನಾ ಒಂದ ಸಲ ಬೇಕಂತ ಸುಮ್ನ ಕುಂತೆ, ಓದಲಿಲ್ಲ. ನೀವು ಕಾಗದ ತಲಿಕೆಳಗ ಹಿಡಕೊಂಡ, ಹೂಂ ಬರೋಬ್ಬರಿ ಐತಿ ಅಂದ್ರಿ."

ಮಾಯಪ್ಪ ಅವಳನ್ನು ನೋಡಿದರು. ಆಮೇಲೆ ಅವರ ಹೊಟ್ಟೆಯೊಳಗಿನಿಂದ ನಗು ಬಂತು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕರು. ಮಮ್ತಾಜಳೂ ನಕ್ಕಳು. ನಗುತ್ತ ಇಬ್ಬರ ಕಣ್ಣಲ್ಲೂ ನೀರು.

"ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ನೀವು ಕೆಲಸ ಬಿಟ್ಟ ಹೋಗತಿದ್ರಿ. ನನಗ ಕಲಿಸವ್ರ ಯಾರು?"

ಕಂಡಕ್ಟರ್ ಹಿಂದಕ್ಕೆ ಬಂದು ನಿಂತ. "ಅಜ್ಜಾರ, ದೇಸೂರ ಹೋಗಿ ಹತ್ತ ನಿಮಿಷ ಆತು. ಇಳಿಯೂದ ಇಲ್ಲೇನ್ರಿ?"

ಮಾಯಪ್ಪ ಕಿಟಕಿಯ ಹೊರಗೆ ಬಗ್ಗಿ ನೋಡಿದರು. ಬಸ್ಸು ಖಾನಾಪುರದ ಹಾದಿಯಲ್ಲಿ ಬಹಳ ಮುಂದೆ ಬಂದಿತ್ತು. ಅವರು ಏಳಲು ಹೋದಾಗ ಮಮ್ತಾಜ ತೋಳು ಹಿಡಿದು ಕೂರಿಸಿದಳು. "ಕುಂದರ್ರಿ. ಇವತ್ತ ನಮ್ಮ ಮನಿಗೆ ಬರ್ರಿ. ನಮ್ಮ ಮನಿಯವ್ರು ಆತಿಫ ಗಾಡಿ ಮ್ಯಾಲ ನಿಮ್ಮನ್ನ ದೇಸೂರಿಗೆ ಬಿಟ್ಟ ಬರ್ತಾರ. ಸಾವಂತ್ರವ್ವ ಕಾಕೂಗ ಫೋನ್ ಮಾಡ್ತೀನಿ."

ಖಾನಾಪುರದಲ್ಲಿ ಇಳಿದು ಇಬ್ಬರೂ ನಡೆದುಕೊಂಡೇ ಮನೆಗೆ ಹೋದರು. ಹೊರಗಿನ ಕಟ್ಟೆಯ ಮೇಲೆ ಜನ್ನತ ಕುಳಿತಿದ್ದರು. ಅಂಗಳದಲ್ಲಿ ಮೌಲಾಸಾಬರು ಮುರಿದ ಕುರ್ಚಿಯೊಂದಕ್ಕೆ ಕಾಲು ಕೂಡಿಸುತ್ತಿದ್ದರು. ಮಗಳ ಮನೆಗೆ ಬಂದಾಗಲೆಲ್ಲ ಏನಾದರೊಂದು ರಿಪೇರಿ ಹುಡುಕಿಕೊಳ್ಳುವ ಮನುಷ್ಯ ಅವರು. ಮಾಯಪ್ಪನವರನ್ನು ಅವರು ನೋಡಿದ್ದು ಅದೇ ಮೊದಲು. ಆದರೆ ಯಾರೆಂದು ಯಾರೂ ಹೇಳಬೇಕಾಗಲಿಲ್ಲ. ಕೈಯ ಪುಡಿ ಝಾಡಿಸಿಕೊಂಡು ಎದ್ದು ಬಂದರು.

"ಬರ್ರಿ ಬರ್ರಿ," ಎಂದು ಎರಡೂ ಕೈಯಿಂದ ಮಾಯಪ್ಪನವರ ಕೈ ಹಿಡಿದುಕೊಂಡರು. "ಹನ್ನೊಂದ ವರ್ಷದಿಂದ ದಿನಾ ನಿಮ್ಮ ಹೆಸರ ಕೇಳಾಕತ್ತೀನಿ."

ಜನ್ನತ ಒಳಗೆ ಹೋಗಿ ಚಹಾಕ್ಕೆ ಇಟ್ಟರು. ಮಮ್ತಾಜ ಚುರಮುರಿಗೆ ಉಳ್ಳಾಗಡ್ಡಿ ಹೆಚ್ಚುತ್ತ, ಬೆಳಿಗ್ಗೆ ಪರದೆಯ ಮೇಲೆ ಬಂದ ಅಜ್ಜ ಏನೇನು ಹೇಳಿದನೆಂದು ಮೊದಲಿಂದ ಹೇಳತೊಡಗಿದಳು. ಅವಳು ಬಿಟ್ಟದ್ದನ್ನು ಹೊರಗಿನಿಂದ ಮಾಯಪ್ಪ ಸೇರಿಸುತ್ತಿದ್ದರು.